ಕೀನ್ಯಾ 2007–08: ಗಲಭೆಗೆ ಯಾವ ಹೂಡಿಕೆ ಸೊರಗಿತು, ಯಾವುದು ನಿಂತಿತು, ಏಕೆ

2007ರ ಡಿಸೆಂಬರ್ 30ರ ಸಂಜೆ ನೈರೋಬಿಯಲ್ಲಿ ಚುನಾವಣಾ ಆಯೋಗದ ಅಧ್ಯಕ್ಷ ಸ್ಯಾಮ್ಯುಯೆಲ್ ಕಿವುಯಿಟು ರಾಷ್ಟ್ರಾಧ್ಯಕ್ಷ ಚುನಾವಣೆಯ ಫಲಿತಾಂಶ ಓದಿದರು. ಅಧಿಕಾರದಲ್ಲಿದ್ದ ರಾಷ್ಟ್ರಾಧ್ಯಕ್ಷ ಮ್ವಾಯಿ ಕಿಬಾಕಿ ಅವರಿಗೆ 45,84,721 ಮತ, ವಿರೋಧ ಪಕ್ಷದ ರೈಲಾ ಒಡಿಂಗಾ ಅವರಿಗೆ 43,52,993. ಒಂದು ಗಂಟೆ ಕಳೆಯುವಷ್ಟರಲ್ಲಿ ರಾಷ್ಟ್ರಾಧ್ಯಕ್ಷರ ನಿವಾಸದ ಅಂಗಳದಲ್ಲಿ ಮಬ್ಬುಗತ್ತಲಲ್ಲೇ ಕಿಬಾಕಿ ಪ್ರಮಾಣವಚನ ಮುಗಿದುಹೋಯಿತು. ಟಿವಿ, ರೇಡಿಯೊಗಳ ನೇರ ಪ್ರಸಾರವನ್ನು ಸರ್ಕಾರ ನಿಲ್ಲಿಸಿತು. ಆ ರಾತ್ರಿಯೇ ಪಶ್ಚಿಮದ ಊರುಗಳಾದ ಕಿಸುಮು, ಎಲ್ಡೊರೆಟ್, ನೈರೋಬಿಯ ಕಿಬೆರಾ ಕೊಳೆಗೇರಿ ಹೊತ್ತಿಕೊಂಡವು. ವಿಶ್ವಸಂಸ್ಥೆಯ ಮಾಜಿ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮಧ್ಯಸ್ಥಿಕೆಯಲ್ಲಿ ಫೆಬ್ರವರಿ 28ರಂದು ಅಧಿಕಾರ ಹಂಚಿಕೆಯ ಒಪ್ಪಂದಕ್ಕೆ ಸಹಿ ಬೀಳುವ ಹೊತ್ತಿಗೆ 1,133 ಜನ ಸತ್ತಿದ್ದರು ಎಂಬುದು ಹಿಂಸೆಯ ತನಿಖೆ ನಡೆಸಿದ ನ್ಯಾಯಮೂರ್ತಿ ವಾಕಿ ಆಯೋಗದ ಲೆಕ್ಕ. ಅವರಲ್ಲಿ 405 ಮಂದಿ ಗುಂಡೇಟಿಗೆ ಬಲಿಯಾದವರು. ಮನೆಮಠ ಬಿಟ್ಟು ಓಡಿದವರು ಮೂರೂವರೆ ಲಕ್ಷ.

ಚುನಾವಣಾ ಹಿಂಸೆ ಮತ್ತು ವಿದೇಶಿ ಹೂಡಿಕೆಯ ಮಾತು ಬಂದಾಗಲೆಲ್ಲ ಈ ಪ್ರಕರಣದ ಉದಾಹರಣೆ ಬರುತ್ತದೆ, ಬೆನ್ನಿಗೇ ಒಂದು ಅಂಕಿಯೂ ಬರುತ್ತದೆ. ವಿಶ್ವಸಂಸ್ಥೆಯ ವ್ಯಾಪಾರ-ಅಭಿವೃದ್ಧಿ ಸಂಸ್ಥೆ ಅಂಕ್ಟಾಡ್‌ನ ಲೆಕ್ಕದಂತೆ ಕೀನ್ಯಾಕ್ಕೆ 2007ರಲ್ಲಿ ಬಂದ ವಿದೇಶಿ ನೇರ ಹೂಡಿಕೆ 72.9 ಕೋಟಿ ಡಾಲರ್, 2008ರಲ್ಲಿ 9.6 ಕೋಟಿ. ಗಲಭೆ ನಡೆಯಿತು, ಹೂಡಿಕೆದಾರರು ಓಡಿಹೋದರು ಎಂದು ಅಲ್ಲಿಗೆ ಕತೆ ಮುಗಿಸಿಬಿಡುತ್ತಾರೆ. ಆದರೆ 2006ರ ಅಂಕಿಯನ್ನೂ ಪಕ್ಕಕ್ಕಿಡಬೇಕು. ಅದು 5.1 ಕೋಟಿ ಡಾಲರ್ ಮಾತ್ರ. 2007ರ ಮೊತ್ತ ಉಬ್ಬಿದ್ದು ದೂರಸಂಪರ್ಕ ವಲಯದ ಖಾಸಗೀಕರಣದಂಥ ಒಂದೆರಡು ದೊಡ್ಡ ವ್ಯವಹಾರಗಳಿಂದ. ಸರ್ಕಾರಿ ಟೆಲ್ಕಾಮ್ ಕೀನ್ಯಾದ ಶೇ. 51 ಪಾಲು ಫ್ರಾನ್ಸ್ ಟೆಲಿಕಾಂ ನೇತೃತ್ವದ ಕೂಟಕ್ಕೆ 39 ಕೋಟಿ ಡಾಲರ್‌ಗೆ ಮಾರಾಟವಾದದ್ದು ಮತದಾನಕ್ಕೆ ಕೆಲವೇ ದಿನ ಮೊದಲು. ಅಂಥ ಮಾರಾಟ ವರ್ಷ ವರ್ಷವೂ ಇರುವುದಿಲ್ಲ. ಹಾಗಾಗಿ 72.9ರಿಂದ 9.6ಕ್ಕೆ ಇಳಿದದ್ದನ್ನೆಲ್ಲ ಹಿಂಸೆಯ ತಲೆಗೆ ಕಟ್ಟಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು ತೊಡಕೂ ಇದೆ. 2008ರಲ್ಲಿ ಕಚ್ಚಾತೈಲದ ಬೆಲೆ ಆಕಾಶಕ್ಕೇರಿತ್ತು, ಮಳೆ ಕೈಕೊಟ್ಟಿತ್ತು, ಸೆಪ್ಟೆಂಬರ್‌ನಲ್ಲಿ ಜಗತ್ತಿನ ಹಣಕಾಸು ಪೇಟೆಯೇ ಕುಸಿಯಿತು. ದೇಶದ ಬೆಳವಣಿಗೆ ದರ ಶೇ. 7ರ ಆಸುಪಾಸಿನಿಂದ ಶೇ. 2ಕ್ಕಿಂತ ಕೆಳಗಿಳಿದದ್ದಕ್ಕೆ ಇವೆಲ್ಲ ಕಾರಣ.

ಹಾಗೆಂದ ಮಾತ್ರಕ್ಕೆ ಹಿಂಸೆಯ ಪೆಟ್ಟು ಚಿಕ್ಕದೆಂದಲ್ಲ. ಅದು ಬಿದ್ದ ಜಾಗ ಬೇರೆ. ವಾರ್ಷಿಕ ಮೊತ್ತದ ಅಂಕಿಯಲ್ಲಿ ಅದು ಕಾಣುವುದಿಲ್ಲ. ರಸ್ತೆಯಲ್ಲಿ, ಕೂಲಿಕಾರರ ಹಾಜರಿ ಪುಸ್ತಕದಲ್ಲಿ, ವಿಮೆ ಪಾಲಿಸಿಯ ಷರತ್ತುಗಳಲ್ಲಿ ಕಾಣುತ್ತದೆ.

ಮುನ್ಸೂಚನೆಗಳು ಇದ್ದವು

ಆಗ ಬಹುಪಾಲು ಹೂಡಿಕೆದಾರರು 2002ರ ಶಾಂತ ಚುನಾವಣೆಯನ್ನೇ ಮಾದರಿಯೆಂದು ಹಿಡಿದಿದ್ದರು. ನಮ್ಮ ದೃಷ್ಟಿಯಲ್ಲಿ ಮೊದಲ ತಪ್ಪು ಅದೇ. ಅದಕ್ಕೂ ಹಿಂದಿನ ಎರಡು ಚುನಾವಣೆಗಳಲ್ಲಿ, 1992 ಮತ್ತು 1997ರಲ್ಲಿ, ದೇಶದ ಪಶ್ಚಿಮ ಭಾಗದ ರಿಫ್ಟ್ ಕಣಿವೆಯಲ್ಲಿ ರಕ್ತ ಹರಿದಿತ್ತು. 1997ರಲ್ಲಿ ಮೊಂಬಾಸಾ ಪಕ್ಕದ ಲಿಕೋನಿಯಲ್ಲೂ ಹರಿದಿತ್ತು. ಕಣಿವೆಯ ಜಗಳದ ಬುಡದಲ್ಲಿದ್ದದ್ದು ನೆಲ. ವಸಾಹತು ಕಾಲದಲ್ಲಿ ಬಿಳಿಯರ ಜಮೀನಾಗಿದ್ದ ಪ್ರದೇಶದಲ್ಲಿ ಸ್ವಾತಂತ್ರ್ಯಾನಂತರ ಕಿಕುಯು ಸಮುದಾಯದವರು ಬಂದು ನೆಲೆಸಿದರು, ಅದು ತಮ್ಮ ಪೂರ್ವಜರ ಭೂಮಿ ಎಂಬ ಸಿಟ್ಟು ಕಲೆಂಜಿನ್ ಸಮುದಾಯದಲ್ಲಿ ಉಳಿಯಿತು. 2002ರಲ್ಲಿ ಇಬ್ಬರು ಪ್ರಮುಖ ಅಭ್ಯರ್ಥಿಗಳೂ ಕಿಕುಯುಗಳೇ ಆಗಿದ್ದರಿಂದ ಈ ಗೆರೆ ಮತಪೆಟ್ಟಿಗೆಯವರೆಗೆ ಬರಲಿಲ್ಲ. 2005ರ ನವೆಂಬರ್‌ನಲ್ಲಿ ಹೊಸ ಸಂವಿಧಾನದ ಕರಡನ್ನು ಜನಮತಗಣನೆಗೆ ಹಾಕಿ ಸರ್ಕಾರ ಸೋತಾಗ ಮತ ಬಿದ್ದದ್ದು ಸಮುದಾಯಗಳ ಗೆರೆ ಹಿಡಿದೇ.

ಎರಡನೆಯ ಸೂಚನೆ ಆಯೋಗದೊಳಗೇ ಇತ್ತು. ಆಯುಕ್ತರ ನೇಮಕದಲ್ಲಿ ವಿರೋಧ ಪಕ್ಷಗಳ ಸಲಹೆ ಪಡೆಯಬೇಕು ಎಂಬ 1997ರ ಪಕ್ಷಗಳ ನಡುವಿನ ಒಡಂಬಡಿಕೆಯನ್ನು ಕಿಬಾಕಿ ಪಕ್ಕಕ್ಕಿಟ್ಟು, 2007ರ ಚುನಾವಣೆಗೆ ಮುಂಚೆ ಹೆಚ್ಚಿನ ಆಯುಕ್ತರನ್ನು ತಾವೇ ನೇಮಿಸಿದರು. ತೀರ್ಪುಗಾರನನ್ನು ಒಬ್ಬ ಆಟಗಾರ ಆರಿಸಿದಂತಾಯಿತು. ಸಮೀಕ್ಷೆಗಳು ಹತ್ತಿರದ ಸ್ಪರ್ಧೆಯೆಂದು ಹೇಳುತ್ತಿದ್ದವು. ಹತ್ತಿರದ ಸ್ಪರ್ಧೆ, ಒಂದು ಕಡೆಯವರು ನಂಬದ ಆಯೋಗ, ನೆಲದ ಹಳೇ ಜಗಳ: ಇವು ಮೂರೂ ಕೂಡಿದ ಕಡೆ ಅಪಾಯದ ಅಂದಾಜಿಗೆ ದುಬಾರಿ ಸಲಹಾ ವರದಿಯೇನೂ ಬೇಕಿಲ್ಲ, ದಿನಪತ್ರಿಕೆ ಸಾಕು.

ಮೊಂಬಾಸಾದಿಂದ ಮಲಾಬಾವರೆಗೆ

ಮೊಂಬಾಸಾ ಬಂದರಿನಿಂದ ನೈರೋಬಿ, ನಕುರು, ಎಲ್ಡೊರೆಟ್ ಹಾದು ಉಗಾಂಡಾ ಗಡಿಯ ಮಲಾಬಾ ಮುಟ್ಟುವ ಹೆದ್ದಾರಿ ಸುಮಾರು 900 ಕಿಲೋಮೀಟರ್. ಉಗಾಂಡಾ, ರುವಾಂಡಾ, ಬುರುಂಡಿ, ಪೂರ್ವ ಕಾಂಗೋಗಳ ಇಂಧನ, ಗೊಬ್ಬರ, ಯಂತ್ರಗಳಲ್ಲಿ ದೊಡ್ಡ ಪಾಲು ಇದರ ಮೇಲೆಯೇ ಸಾಗುತ್ತದೆ. ಅದರ ಪಶ್ಚಿಮದ ಅರ್ಧ ರಿಫ್ಟ್ ಕಣಿವೆಯ ನಡುವೆಯೇ ಹಾದುಹೋಗುತ್ತದೆ. ಜನವರಿಯ ಮೊದಲ ವಾರದಲ್ಲಿ ಎಲ್ಡೊರೆಟ್ ಸುತ್ತ ಯುವಕರು ಮರ ಉರುಳಿಸಿ, ಬಂಡೆ ಒಟ್ಟಿ ರಸ್ತೆ ತಡೆದರು. ಅಲ್ಲೇ ಹತ್ತಿರದ ಕಿಯಾಂಬಾದಲ್ಲಿ ಜನವರಿ 1ರಂದು, ಜನ ಆಶ್ರಯ ಪಡೆದಿದ್ದ ಚರ್ಚಿಗೆ ಬೆಂಕಿ ಬಿತ್ತು. ಕಿಬೆರಾದಲ್ಲಿ ರೈಲು ಹಳಿಗಳನ್ನೇ ಕಿತ್ತುಹಾಕಿದರು. ಆ ಹಳಿ ವಿದೇಶಿ ಹೂಡಿಕೆದಾರರ ನೇತೃತ್ವದ ಕಂಪನಿಯೊಂದು 2006ರ ಕೊನೆಗೆ 25 ವರ್ಷಕ್ಕೆ ನಡೆಸಲು ವಹಿಸಿಕೊಂಡಿದ್ದ ರೈಲು ಮಾರ್ಗದ್ದು. ಕಂಪಾಲಾದಲ್ಲಿ ಪೆಟ್ರೋಲ್ ಬಂಕುಗಳು ಬರಿದಾದವು. ಮುಂದೆ ಲಾರಿಗಳು ಪೊಲೀಸ್ ಕಾವಲಿನಲ್ಲಿ ಸಾಲುಗಟ್ಟಿ ಹೊರಡಬೇಕಾಯಿತು.

ಇಲ್ಲೊಂದು ಮುಖ್ಯ ಸಂಗತಿಯಿದೆ. ಹಾನಿ ಅನುಭವಿಸಿದ ಬಹಳ ಕಂಪನಿಗಳ ಕಾರ್ಖಾನೆಗಳು ಕೀನ್ಯಾದಲ್ಲಿ ಇರಲೇ ಇಲ್ಲ. ಗಡಿಯಾಚೆಯ ಹೂಡಿಕೆದಾರರು ತಮ್ಮ ಅಪಾಯದ ಪಟ್ಟಿಯಲ್ಲಿ ಪಕ್ಕದ ದೇಶದ ಚುನಾವಣೆಯನ್ನು ಬರೆದುಕೊಂಡಿರಲಿಲ್ಲ. ದಾರ್ ಎಸ್ ಸಲಾಮ್ ಬಂದರಿನ ದಾರಿ ಇತ್ತಾದರೂ ಲಾರಿ, ಕಸ್ಟಮ್ಸ್ ಏಜೆಂಟ್, ಗೋದಾಮುಗಳ ಒಪ್ಪಂದ ಮೊದಲೇ ಆಗಿಲ್ಲದಿದ್ದರೆ ಬಿಕ್ಕಟ್ಟು ಬಂದ ವಾರ ಆ ದಾರಿಯಿಂದ ಪ್ರಯೋಜನವಿಲ್ಲ. ಎಲ್ಲರೂ ಒಟ್ಟಿಗೇ ಅತ್ತ ತಿರುಗುತ್ತಾರೆ.

ಕರಾವಳಿಯ ಕತೆ ಇನ್ನೂ ಬೇಸರದ್ದು. ಮೊಂಬಾಸಾ ಕಡಲತೀರದ ಹೋಟೆಲುಗಳ ಬಳಿ ಗಲಭೆ ಹೆಚ್ಚೇನೂ ಆಗಲಿಲ್ಲ. ಆದರೂ ಯುರೋಪಿನ ಸರ್ಕಾರಗಳು ಪ್ರಯಾಣ ಎಚ್ಚರಿಕೆ ಹೊರಡಿಸಿದವು, ಚಾರ್ಟರ್ ವಿಮಾನಗಳು ರದ್ದಾದವು, ಋತುವಿನ ನಡುವೆಯೇ ಸಾವಿರಾರು ನೌಕರರು ಮನೆಗೆ ಹೋದರು. ದೇಶಕ್ಕೆ ಬಂದ ಪ್ರವಾಸಿಗರ ಸಂಖ್ಯೆ 2007ರಲ್ಲಿ 18 ಲಕ್ಷ ಇದ್ದದ್ದು 2008ರಲ್ಲಿ 12 ಲಕ್ಷಕ್ಕೆ ಇಳಿಯಿತು.

ನೈವಾಷಾದ ಗುಲಾಬಿ

ಹೂಡಿಕೆಯ ಅಪಾಯ ಎಂಬುದು ದಿನದ ಲೆಕ್ಕದಲ್ಲಿ ಹೇಗೆ ನಡೆಯುತ್ತದೆಂದು ತಿಳಿಯಲು ನೈವಾಷಾ ಕೆರೆಯ ದಂಡೆಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ನೈರೋಬಿಯಿಂದ ಸುಮಾರು 90 ಕಿಲೋಮೀಟರ್. ಡಚ್ಚರು, ಬ್ರಿಟಿಷರು, ಭಾರತೀಯರು ಇಲ್ಲಿ ಪಾಲಿಹೌಸ್ ಕಟ್ಟಿ ಗುಲಾಬಿ ಬೆಳೆಯುತ್ತಾರೆ. ಬೆಂಗಳೂರಿನ ಕರುತುರಿ ಗ್ಲೋಬಲ್ ಇಲ್ಲಿನ ಶೇರ್ ಎಂಬ ಭಾರೀ ಗುಲಾಬಿ ತೋಟವನ್ನು ಕೊಂಡದ್ದು 2007ರಲ್ಲೇ, ಚುನಾವಣೆಗೆ ಕೆಲವು ತಿಂಗಳು ಮೊದಲು. (ಅದೇ ತೋಟ 2014ರಲ್ಲಿ ಸಾಲದ ಕಾರಣದಿಂದ ರಿಸೀವರ್ (ಸಾಲ ಕೊಟ್ಟವರ ಪರ ಆಸ್ತಿ ನೋಡಿಕೊಳ್ಳುವ ಅಧಿಕಾರಿ) ವಶಕ್ಕೆ ಹೋಯಿತು, ಅದಕ್ಕೂ ಚುನಾವಣೆಗೂ ಗಂಟು ಹಾಕಬಾರದು.)

ಗುಲಾಬಿ ಕಾಯುವ ಸರಕಲ್ಲ. ಮೊಗ್ಗು ಸರಿಯಾದ ಹದಕ್ಕೆ ಬಂದ ದಿನವೇ ಕೊಯ್ಯಬೇಕು, ಬಿಸಿಲಿದ್ದರೆ ದಿನಕ್ಕೆ ಎರಡು ಸಲ. ಕೊಯ್ದ ಕೆಲವೇ ಗಂಟೆಯೊಳಗೆ 2ರಿಂದ 4 ಡಿಗ್ರಿಯ ಶೀತಲ ಕೋಣೆಗೆ, ಅಲ್ಲಿಂದ ಶೀತಲ ಲಾರಿಯಲ್ಲಿ ನೈರೋಬಿ ವಿಮಾನ ನಿಲ್ದಾಣಕ್ಕೆ, ರಾತ್ರಿ ವಿಮಾನದಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ. ಪ್ರೇಮಿಗಳ ದಿನದ ಸಾಗಣೆ ಜನವರಿ ಕೊನೆಯ ವಾರದಿಂದ ಫೆಬ್ರವರಿ 10ರ ಸುಮಾರಿಗೆ ಮುಗಿಯಬೇಕು. ಆ ಹೊತ್ತಿಗೆ ಹೂ ಸಿಗಲೆಂದು ಡಿಸೆಂಬರ್‌ನಲ್ಲೇ ಗಿಡ ಸವರಿರುತ್ತಾರೆ, ಏಕೆಂದರೆ ಸವರಿದ ಮೇಲೆ ಮುಂದಿನ ಹೂವಿಗೆ ಆರೆಂಟು ವಾರ ಬೇಕು.

ಮೊದಲ ಅಲೆಯಲ್ಲಿ, ಅಂದರೆ ಡಿಸೆಂಬರ್ 30ರಿಂದ ಜನವರಿಯ ಮೊದಲ ವಾರದವರೆಗೆ, ಏಟು ಬಿದ್ದದ್ದು ಎಲ್ಡೊರೆಟ್, ಕಿಟಾಲೆ ಕಡೆಯ ತೋಟಗಳಿಗೆ. ನೈವಾಷಾ ಶಾಂತವಾಗಿತ್ತು. ಜನವರಿ 22ಕ್ಕೆ ಅನ್ನಾನ್ ಬಂದಿಳಿದಾಗ ಕೆಟ್ಟ ಕಾಲ ಕಳೆಯಿತೆಂದು ಹಲವರು ಉಸಿರುಬಿಟ್ಟರು. ಎರಡೇ ದಿನಕ್ಕೆ ನಕುರುವಿನಲ್ಲಿ ಕಿಕುಯು ಗುಂಪುಗಳ ಪ್ರತೀಕಾರ ಶುರುವಾಯಿತು, 27 ಮತ್ತು 28ರಂದು ನೈವಾಷಾ ಹತ್ತಿ ಉರಿಯಿತು. ತೋಟದ ಕೆಲಸಗಾರರಲ್ಲಿ ಬಹಳ ಮಂದಿ ಪಶ್ಚಿಮ ಕೀನ್ಯಾದಿಂದ ಬಂದ ಲುವೊ, ಲುಹ್ಯಾ ಸಮುದಾಯದವರು. ಹುಡುಕಿ ಹುಡುಕಿ ದಾಳಿ ಮಾಡಿದ್ದು ಅವರ ಮೇಲೆ. ಸಾವಿರಾರು ಜನ ಪೊಲೀಸ್ ಠಾಣೆಯ ಅಂಗಳ ಸೇರಿದರು, ಆಮೇಲೆ ಸಿಕ್ಕ ಬಸ್ಸು ಹತ್ತಿ ಊರಿಗೆ ಹೋದರು. ವರ್ಷದ ಅತ್ಯಂತ ಬೆಲೆಬಾಳುವ ಹೂವು ಗಿಡದಲ್ಲಿತ್ತು, ಕೊಯ್ಯುವ ಕೈಗಳು ಇರಲಿಲ್ಲ.

ಗಲಭೆಯ ತೀವ್ರತೆಯ ದಿನಗಳಲ್ಲಿ ಪೀಡಿತ ಪ್ರದೇಶದ ತೋಟಗಳಲ್ಲಿ ಸುಮಾರು ಅರ್ಧದಷ್ಟು ಕೆಲಸಗಾರರು ಗೈರಾಗಿದ್ದರು, ನಿರ್ವಹಣಾ ವೆಚ್ಚ ಸರಾಸರಿ ಶೇ. 16ರಷ್ಟು ಏರಿತು ಎಂದು ಅರ್ಥಶಾಸ್ತ್ರಜ್ಞರು ಆಮೇಲೆ ತೋಟ ತೋಟಕ್ಕೂ ಹೋಗಿ ಲೆಕ್ಕಹಾಕಿದರು. ಕುತೂಹಲದ ಸಂಗತಿಯೆಂದರೆ, ದೊಡ್ಡ ನಷ್ಟಕ್ಕೆ ಕಾರಣ ರಸ್ತೆ ತಡೆಯಾಗಿರಲಿಲ್ಲ. ಲಾರಿಗಳಿಗೆ ಕಾವಲು ಸಿಕ್ಕಿತು, ವಿಮಾನ ನಿಲ್ದಾಣ ಮುಚ್ಚಲಿಲ್ಲ. ಸಿಗದೆ ಹೋದದ್ದು ಜನ. ಹೊಸಬರನ್ನು ತರಬಹುದಿತ್ತು, ಆದರೆ ಮೊಗ್ಗಿನ ಹದ ಗುರುತಿಸುವುದು, ದಂಟಿನ ಉದ್ದ ನೋಡಿ ವಿಂಗಡಿಸುವುದು ಎರಡು ದಿನದಲ್ಲಿ ಬರುವ ವಿದ್ಯೆಯಲ್ಲ. ಕೊಯ್ಯದೆ ಬಿಟ್ಟ ಹೂ ಅರಳಿ ಉದುರುತ್ತದೆ, ಉದುರಿದ ದಳದ ಮೇಲೆ ಬೂದು ಬೂಷ್ಟು ಬೆಳೆಯುತ್ತದೆ, ಔಷಧಿ ಸಿಂಪಡಿಸುವವರೂ ಇಲ್ಲದಿದ್ದರೆ ರೋಗ ಇಡೀ ಪಾಲಿಹೌಸ್‌ಗೆ ಹರಡುತ್ತದೆ. ಹತ್ತು ದಿನದ ಗೈರು ಹೀಗೆ ಮಾರ್ಚ್‌ನ ಹೂವನ್ನೂ ತಿನ್ನುತ್ತದೆ.

ತಾಳಿಕೊಂಡವರು ಯಾರು? ತೋಟದೊಳಗೇ ಕೆಲಸಗಾರರಿಗೆ ಮನೆ ಕಟ್ಟಿಸಿದ್ದವರು, ಕಾವಲಿಟ್ಟು ಒಳಗೇ ಬಿಡಾರ ಹಾಕಿಸಿ ಊಟ ಹಾಕಿದವರು, ಓವರ್‌ಟೈಮ್ ಕೊಟ್ಟು ಉಳಿದವರಿಂದ ಕೆಲಸ ಸಾಗಿಸಿದವರು. ಹಾಲೆಂಡಿನ ಹರಾಜಿಗೆ ಹೂ ಹಾಕುತ್ತಿದ್ದವರಿಗಿಂತ ವಿದೇಶಿ ಖರೀದಿದಾರರೊಂದಿಗೆ ನೇರ ಒಪ್ಪಂದವಿದ್ದವರು ಹೆಚ್ಚು ಶ್ರಮಪಟ್ಟು ಸರಕು ಕಳಿಸಿದರು. ಹರಾಜಿಗೆ ಒಂದು ವಾರ ತಪ್ಪಿಸಿದರೆ ಆ ವಾರದ ದುಡ್ಡು ಮಾತ್ರ ಹೋಗುತ್ತದೆ, ಒಪ್ಪಂದ ತಪ್ಪಿಸಿದರೆ ಗಿರಾಕಿಯೇ ಹೋಗುತ್ತಾನೆ.

ಪಕ್ಕದಲ್ಲೇ ಓಲ್ಕಾರಿಯಾ

ನೈವಾಷಾ ಕೆರೆಯ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ಓಲ್ಕಾರಿಯಾದಲ್ಲಿ ಆರ್ಮ್ಯಾಟ್ ಕಂಪನಿಯ ಭೂಶಾಖ ವಿದ್ಯುತ್ ಸ್ಥಾವರದ ವಿಸ್ತರಣೆ ಅದೇ ಹೊತ್ತಿಗೆ ನಡೆಯುತ್ತಿತ್ತು. 13 ಮೆಗಾವಾಟ್ ಇದ್ದದ್ದಕ್ಕೆ 35 ಸೇರಿಸುವ ಕೆಲಸ. 2009ರ ಜನವರಿಯಲ್ಲಿ ಅದು ಮುಗಿಯಿತು. ಅದೇ ಜಿಲ್ಲೆ, ಅದೇ ಗಲಭೆ, ಆದರೆ ಅಲ್ಲಿಂದ ಬಂಡವಾಳ ಕದಲಲಿಲ್ಲ. ಆವಿ ಬಾವಿಗೆ ನೂರಾರು ಕೊಯ್ಲುಗಾರರು ಬೇಕಿಲ್ಲ, ವಿದ್ಯುತ್ ಕೊಳ್ಳುವ ಸಂಸ್ಥೆಯೊಂದಿಗೆ 20 ವರ್ಷದ ಒಪ್ಪಂದವಿತ್ತು, ವಿಶ್ವಬ್ಯಾಂಕ್ ಸಮೂಹದ ಮಿಗಾ ಸಂಸ್ಥೆಯ ರಾಜಕೀಯ ಅಪಾಯದ ಖಾತರಿಯಿತ್ತು.

ಷೇರುಪೇಟೆಯೂ ಇದನ್ನೇ ಬೇರೆ ರೀತಿ ತೋರಿಸಿತು. ನೈರೋಬಿಯ 20 ಷೇರುಗಳ ಸೂಚ್ಯಂಕ ವರ್ಷಾಂತ್ಯದ 5,445ರಿಂದ ಜನವರಿ ಕೊನೆಗೆ 4,713ಕ್ಕೆ ಬಿತ್ತು. ಡಾಲರ್‌ಗೆ 63ರ ಸುಮಾರಿನಲ್ಲಿದ್ದ ಶಿಲ್ಲಿಂಗ್ 70 ದಾಟಿತು. ಒಪ್ಪಂದಕ್ಕೆ ಸಹಿ ಬಿದ್ದ ಒಂದೇ ತಿಂಗಳಿಗೆ, ಮಾರ್ಚ್ 28ರಂದು, ಮೊಬೈಲ್ ಕಂಪನಿ ಸಫಾರಿಕಾಮ್‌ನ ಸಾವಿರ ಕೋಟಿ ಷೇರುಗಳನ್ನು ತಲಾ 5 ಶಿಲ್ಲಿಂಗ್‌ಗೆ ಸರ್ಕಾರ ಮಾರಾಟಕ್ಕಿಟ್ಟಿತು. ಅರ್ಜಿಗಳು ಇಟ್ಟದ್ದಕ್ಕಿಂತ ಹಲವು ಪಟ್ಟು ಬಂದವು, ವಿದೇಶಿ ಸಂಸ್ಥೆಗಳಿಂದಲೂ ಬಂದವು. ಮೊಂಬಾಸಾಕ್ಕೆ ಸಮುದ್ರದಡಿಯ ಫೈಬರ್ ಕೇಬಲ್ 2009ರಲ್ಲಿ ಬಂತು. ಈ ವಲಯಗಳ ಹೂಡಿಕೆದಾರರು ನೋಡಿದ್ದು ಹದಿನೈದು ವರ್ಷದ ಗಿರಾಕಿಗಳ ಸಂಖ್ಯೆಯನ್ನು, ಎರಡು ತಿಂಗಳ ಹೊಗೆಯನ್ನಲ್ಲ. ಆದ್ದರಿಂದ "ದೇಶದ ಅಪಾಯ" ಎಂದು ಒಂದೇ ಅಂಕ ಕೊಡುವ ಪಟ್ಟಿಗಳ ಮೇಲೆ ನಮಗೆ ನಂಬಿಕೆ ಕಡಿಮೆ. ಒಂದೇ ತಾಲ್ಲೂಕಿನ ಎರಡು ಹೂಡಿಕೆಗಳಿಗೆ ಅಪಾಯ ಒಂದೇ ಆಗಿರಲಿಲ್ಲ.

ವಿಮೆ ಎಲ್ಲಿ ಕೈಕೊಡುತ್ತದೆ

ಸಾಮಾನ್ಯ ಬೆಂಕಿ ವಿಮೆಗೆ ಗಲಭೆ-ಮುಷ್ಕರದ ಸೇರ್ಪಡೆ ಮಾಡಿಸಿದವರು ತಮಗೆ ರಕ್ಷಣೆಯಿದೆ ಎಂದುಕೊಳ್ಳುತ್ತಾರೆ. ಪಾಲಿಸಿಯ ಹೊರತುಪಡಿಕೆಗಳನ್ನು ಓದಿದರೆ, ಜನದಂಗೆಯ ಮಟ್ಟಕ್ಕೆ ಏರಿದ ಕ್ಷೋಭೆಗೆ ಪರಿಹಾರವಿಲ್ಲ ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಗಲಭೆ ಎಲ್ಲಿ ಮುಗಿದು ದಂಗೆ ಎಲ್ಲಿ ಆರಂಭವಾಯಿತು ಎಂಬುದು ಕ್ಲೇಮಿನ ಮೇಜಿನ ಮೇಲೆ ತಿಂಗಳುಗಟ್ಟಲೆ ಎಳೆದಾಡುವ ಜಗಳ. ರಾಜಕೀಯ ಹಿಂಸೆಗೆಂದೇ ಪ್ರತ್ಯೇಕ ಪಾಲಿಸಿ ಬೇಕು.

ಇನ್ನೂ ದೊಡ್ಡ ಕಂದಕ ವ್ಯವಹಾರ ಸ್ಥಗಿತದ ವಿಮೆಯಲ್ಲಿದೆ. ಅದು ಸಾಮಾನ್ಯವಾಗಿ ಆಸ್ತಿಗೆ ಭೌತಿಕ ಹಾನಿಯಾದರೆ ಮಾತ್ರ ಜಾರಿಗೆ ಬರುತ್ತದೆ. ಗಾಜಿನ ಒಂದು ಹಾಳೆಯೂ ಒಡೆಯದೆ, ಕೆಲಸಗಾರರು ಜೀವಭಯದಿಂದ ಹೋದ ಕಾರಣಕ್ಕೆ ಬೆಳೆ ಕೊಳೆತರೆ ಅಲ್ಲಿ ಕ್ಲೇಮೇ ಹುಟ್ಟುವುದಿಲ್ಲ. ನೈವಾಷಾದ ನಷ್ಟದ ದೊಡ್ಡ ಭಾಗ ಇದೇ ಬಗೆಯದು. ಹಾನಿಯಿಲ್ಲದ ಸ್ಥಗಿತ, ಪ್ರವೇಶ ನಿರ್ಬಂಧ, ಸಾಗಣೆ ಮಾರ್ಗದ ತಡೆ ಇವನ್ನು ಹೆಸರು ಹಿಡಿದು ಬರೆಸಬೇಕು, ಎಷ್ಟು ದಿನ ಕಳೆದ ಮೇಲೆ ಪರಿಹಾರ ಆರಂಭ ಎಂಬುದನ್ನೂ ನೋಡಬೇಕು. ಹೂವಿಗೆ 14 ದಿನದ ಕಾಯುವಿಕೆ ಇದ್ದರೆ ಆ ಪಾಲಿಸಿ ಇದ್ದೂ ಇಲ್ಲದಂತೆ.

ಮಿಗಾ ಖಾತರಿ ಬಂಡವಾಳದ ಶೇ. 90, ಸಾಲದ ಶೇ. 95ರವರೆಗೆ ಕೊಡುತ್ತದೆ, ಯುದ್ಧ-ನಾಗರಿಕ ಕ್ಷೋಭೆಯೂ ಅದರಲ್ಲಿ ಸೇರುತ್ತದೆ. ನೈರೋಬಿಯಲ್ಲೇ ಕೇಂದ್ರ ಕಚೇರಿಯಿರುವ ಆಫ್ರಿಕಾದ ವ್ಯಾಪಾರ ವಿಮಾ ಸಂಸ್ಥೆಯೂ 2001ರಿಂದ ಇದೆ. ಎರಡರ ಅರ್ಜಿಗೂ ತಿಂಗಳುಗಳು ಹಿಡಿಯುತ್ತವೆ. ಖಾಸಗಿ ವಿಮಾದಾರರು ಮತದಾನ ಹತ್ತಿರವಾದಂತೆ ದರ ಏರಿಸುತ್ತಾರೆ, ಕೊನೆಗೆ ಬಾಗಿಲೇ ಹಾಕುತ್ತಾರೆ.

ಎಣಿಕೆಯೇ ತಿರುಳು

ದಕ್ಷಿಣ ಆಫ್ರಿಕಾದ ನಿವೃತ್ತ ನ್ಯಾಯಮೂರ್ತಿ ಯೋಹಾನ್ ಕ್ರೀಗ್ಲರ್ ನೇತೃತ್ವದ ಆಯೋಗ ಆ ಚುನಾವಣೆಯನ್ನು 2008ರಲ್ಲಿ ಪರಿಶೀಲಿಸಿ, ಪ್ರಕ್ರಿಯೆ ಎಷ್ಟು ಕೆಟ್ಟಿತ್ತೆಂದರೆ ನಿಜಕ್ಕೂ ಗೆದ್ದವರು ಯಾರೆಂದು ಹೇಳಲು ಸಾಧ್ಯವೇ ಇಲ್ಲ ಎಂಬ ತೀರ್ಮಾನಕ್ಕೆ ಬಂತು. ಮತಗಟ್ಟೆಯಿಂದ ನೈರೋಬಿಗೆ ಅಂಕಿ ಬರುವ ದಾರಿಯೇ ಸಡಿಲವಾಗಿತ್ತು. ಸೋತವರಿಗೆ ನ್ಯಾಯಾಲಯದ ಮೇಲೆ ಭರವಸೆ ಇರಲಿಲ್ಲ. ಒಡಿಂಗಾ ಪಕ್ಷ ದಾವೆ ಹೂಡಲು ನಿರಾಕರಿಸಿತು. ಉಳಿದದ್ದು ಬೀದಿ.

2010ರ ಸಂವಿಧಾನ ಈ ಜಾಗಕ್ಕೇ ಕೈಹಾಕಿತು. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ, ಜೊತೆಗೆ 47 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥ ಆಡಳಿತ ಪ್ರದೇಶಗಳು) ಕನಿಷ್ಠ 24ರಲ್ಲಿ ಶೇ. 25 ಮತ. ಏಳು ದಿನದೊಳಗೆ ಫಲಿತಾಂಶ, ಮುಂದಿನ ಏಳು ದಿನದೊಳಗೆ ತಕರಾರು ಅರ್ಜಿ, ಹದಿನಾಲ್ಕು ದಿನದೊಳಗೆ ಸುಪ್ರೀಂ ಕೋರ್ಟ್ ತೀರ್ಪು, ರದ್ದಾದರೆ 60 ದಿನದೊಳಗೆ ಮರುಚುನಾವಣೆ. ಹೂಡಿಕೆದಾರರಿಗೆ ಇದರಿಂದ ಸಿಕ್ಕಿದ್ದು ಕ್ಯಾಲೆಂಡರ್. ಮತದಾನದಿಂದ ಪ್ರಮಾಣವಚನದವರೆಗಿನ ಅನಿಶ್ಚಿತ ದಿನಗಳನ್ನು ಎಣಿಸಿ ನೋಡಿ: 2013ರಲ್ಲಿ 36, 2022ರಲ್ಲಿ 35. ಸುಪ್ರೀಂ ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿದ 2017ರಲ್ಲಿ 112. ತೀರ್ಪು ಬಂದ ಸೆಪ್ಟೆಂಬರ್ 1ರಂದು ಷೇರುಪೇಟೆ ಕುಸಿದು ಅರ್ಧ ಗಂಟೆ ವಹಿವಾಟು ನಿಂತಿತು. ಆ ವರ್ಷ ಕಿಸುಮು ಮತ್ತು ನೈರೋಬಿಯ ಬಡ ಬಡಾವಣೆಗಳಲ್ಲಿ ಪೊಲೀಸರ ಗುಂಡಿಗೆ ಜನ ಸತ್ತರು. ಅದನ್ನು ಶಾಂತ ಚುನಾವಣೆ ಎನ್ನಲಾಗದು. ಆದರೆ ಹೆದ್ದಾರಿಯ ಉದ್ದಕ್ಕೂ 2008ರ ದೃಶ್ಯ ಮರುಕಳಿಸಲಿಲ್ಲ. 2022ರಲ್ಲಿ 46,000ಕ್ಕೂ ಹೆಚ್ಚು ಮತಗಟ್ಟೆಗಳ ಫಲಿತಾಂಶದ ನಮೂನೆಗಳನ್ನು ಆಯೋಗ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿತು. ಏಳು ಆಯುಕ್ತರಲ್ಲಿ ನಾಲ್ವರು ಫಲಿತಾಂಶ ತಮ್ಮದಲ್ಲವೆಂದು ಹೊರನಡೆದಾಗಲೂ ದೇಶ ಕಾದು ನಿಂತದ್ದಕ್ಕೆ ಇದೊಂದು ದೊಡ್ಡ ಕಾರಣವೆಂಬುದು ನಮ್ಮ ಅಭಿಪ್ರಾಯ: ಯಾರು ಬೇಕಾದರೂ ತಾವೇ ಕೂಡಿಸಿ ನೋಡಬಹುದಿತ್ತು.

2027ರ ಆಗಸ್ಟ್ 10ಕ್ಕೆ ಮುನ್ನ

ಮುಂದಿನ ಚುನಾವಣೆಯ ದಿನ ಅದು. ಆಯೋಗಕ್ಕೆ 2023ರ ಜನವರಿಯಿಂದ 2025ರ ಜುಲೈವರೆಗೆ ಅಧ್ಯಕ್ಷರೇ ಇರಲಿಲ್ಲ. 2024ರ ಜೂನ್ 25ರಂದು ಹಣಕಾಸು ಮಸೂದೆಯ ವಿರುದ್ಧ ಯುವಜನರು ಸಂಸತ್ತಿನೊಳಗೆ ನುಗ್ಗಿದರು. ಈ ಸಿಟ್ಟು ಸಮುದಾಯದ ಗೆರೆಯದ್ದಲ್ಲ, ಹಳೇ ನಕಾಶೆಯಲ್ಲಿ ಗುರುತಾಗದ್ದು. ಹಾಗಾಗಿ ರಿಫ್ಟ್ ಕಣಿವೆಯನ್ನಷ್ಟೇ ಕೆಂಪು ಬಳಿದು ಕೂರುವುದು ಸಾಲದು, ನೈರೋಬಿಯ ನಡುಮಧ್ಯವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯೋಜನೆ ಮಾಡುವವರು 35 ದಿನವನ್ನು ಕನಿಷ್ಠ ಎಂದೂ 110 ದಿನವನ್ನು ಕೆಟ್ಟ ಸಾಧ್ಯತೆ ಎಂದೂ ಇಟ್ಟುಕೊಳ್ಳಲಿ. ವಿಮೆಯ ಮಾತುಕತೆ 2027ರ ಜನವರಿಯೊಳಗೆ ಮುಗಿಯಲಿ. ಜನರೇಟರ್ ಡೀಸೆಲ್, ಪ್ಯಾಕಿಂಗ್ ಸಾಮಗ್ರಿ, ಔಷಧಿ ಮೂರು ವಾರಕ್ಕಾಗುವಷ್ಟು ಸ್ಥಳದಲ್ಲೇ ಇರಲಿ. ಜುಲೈ ಸಂಬಳ ಮತದಾನಕ್ಕೆ ಮೊದಲೇ ಮೊಬೈಲ್ ಹಣವಾಗಿ ಕೆಲಸಗಾರರ ಕೈಸೇರಲಿ. 2008ರಲ್ಲಿ ಅಂಗಡಿ ಮುಚ್ಚಿದಾಗ ಜನರಿಗೆ ಫೋನಿನ ಟಾಕ್‌ಟೈಮ್ ಕೊಳ್ಳುವುದೂ ಕಷ್ಟವಾಗಿತ್ತು. ಖರೀದಿದಾರರೊಂದಿಗಿನ ಒಪ್ಪಂದದಲ್ಲಿ ಅನಿವಾರ್ಯ ಸನ್ನಿವೇಶದ ಷರತ್ತಿಗೆ "ಕೆಲಸಗಾರರ ಸುರಕ್ಷತೆಗೆ ಬೆದರಿಕೆ" ಎಂಬ ಮಾತು ಸೇರಲಿ. ತೋಟದೊಳಗೆ ಎಷ್ಟು ಕುಟುಂಬಗಳಿಗೆ ಎಷ್ಟು ರಾತ್ರಿ ಜಾಗ, ನೀರು, ಊಟ ಕೊಡಬಹುದು, ಊರಿಗೆ ಹೋಗಲೇಬೇಕೆನ್ನುವವರಿಗೆ ಬಸ್ಸು ಯಾರು ಗೊತ್ತುಮಾಡುತ್ತಾರೆ, ತಿರುಗಿ ಬಂದವರಿಗೆ ಅದೇ ಕೆಲಸ ಅದೇ ಸಂಬಳಕ್ಕೆ ಸಿಗುತ್ತದೆಂದು ಯಾರು ಬರೆದುಕೊಡುತ್ತಾರೆ ಎಂಬುದಕ್ಕೆ ಈ ವರ್ಷದ ಬಜೆಟ್ಟಿನಲ್ಲೇ ಒಂದು ಬಾಬ್ತು ತೆರೆದು, ಅದರ ಮುಂದೆ ಮೊತ್ತವನ್ನೂ ಹೊಣೆಗಾರರ ಹೆಸರನ್ನೂ ಬರೆದಿಡಲಿ.